ಊಟದ ಮನೆಯೋ, ಪ್ರದರ್ಶನದ ಮನೆಯೋ?

ಇತ್ತೀಚಿನ ವರ್ಷಗಳಲ್ಲಿ ನಮ್ಮವರ ಗೃಹಪ್ರವೇಶಗಳಿಗೆ ಹೋದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಹೊಸ ಮನೆಯನ್ನು ತೋರಿಸಲು ಕರೆದೊಯ್ಯುವ ಯಜಮಾನರು ದೇವರ ಕೋಣೆಯ ಮುಂದೆ ಅರೆಕ್ಷಣ ನಿಲ್ಲುತ್ತಾರೆ. ಊಟದ ಕೋಣೆಯಲ್ಲಿ ಅರ್ಧ ಗಂಟೆ ನಿಲ್ಲಿಸುತ್ತಾರೆ. ಬೀಟೆಯ ಮೇಜು, ಕೆತ್ತನೆಯ ಕಾಲುಗಳು, ಮೆತ್ತೆ ಹೊದಿಸಿದ ಎಂಟು ಕುರ್ಚಿಗಳು, ಮೇಲೆ ತೂಗುವ ಗಾಜಿನ ದೀಪಗುಚ್ಛ, ಗೋಡೆಗೆ ಪಿಂಗಾಣಿ ಪಾತ್ರೆಗಳ ಕಪಾಟು, ಅದರ ನೆತ್ತಿಯ ಮೇಲೆ ಶೋಭೆಗಾಗಿ ಭಗವಾನ್ ಬಾಹುಬಲಿಯ ಚಿತ್ರ! ಗೆದ್ದ ರಾಜ್ಯವನ್ನೇ ತೊರೆದು ನಿಂತವನು ಪಿಂಗಾಣಿ ತಟ್ಟೆಗಳಿಗೆ ಹಿನ್ನೆಲೆಯಾಗಬೇಕೇ?

ಇದು ಕೇವಲ ಅಭಿರುಚಿಯ ಪ್ರಶ್ನೆ, ಅವರವರ ಹಣ, ಅವರವರ ಇಷ್ಟ ಎಂದು ಹೇಳಿ ಮುಗಿಸಿಬಿಡಬಹುದು. ಆದರೆ ಶ್ರಾವಕನಿಗೆ ಊಟದ ಜಾಗವೆಂಬುದು ಅಣುವ್ರತಗಳು ಪ್ರತಿದಿನ ಪರೀಕ್ಷೆಗೆ ಒಳಗಾಗುವ ಸ್ಥಳ. ಎಲೆಗೆ ಏನು ಬೀಳಬೇಕು, ಏನು ಬೀಳಬಾರದು ಎಂಬುದರಲ್ಲಿ ನಮಗಿರುವ ಎಚ್ಚರ ಜಗತ್ತಿಗೆ ಗೊತ್ತು. ಕಂದಮೂಲಗಳನ್ನು ದೂರವಿಟ್ಟಿದ್ದೇವೆ, ಜೇನನ್ನು ಬಿಟ್ಟಿದ್ದೇವೆ. ಆದರೆ ನೀರನ್ನು ಸೋಸಿ ಕುಡಿಯುವ ನಾವು, ಆ ನೀರಿನ ಲೋಟವನ್ನಿಡುವ ಮೇಜನ್ನು ಸೋಸಿ ನೋಡುವುದಿಲ್ಲ. ಈ ಲೇಖನದ ಆಕ್ಷೇಪ ಇಷ್ಟೇ.

ಸೋಸಿ ನೋಡೋಣ. ಹೊಳೆಯುವ ‘ಫ್ರೆಂಚ್ ಪಾಲಿಶ್’ ಎಂದರೇನು? ಮುತ್ತುಗ, ಬೋರೆ ಮೊದಲಾದ ಮರಗಳ ಎಳೆಯ ಕೊಂಬೆಗಳಿಗೆ ಮುತ್ತಿ ಬದುಕುವ ಅರಗಿನ ಹುಳುಗಳು ಸ್ರವಿಸುವ ಅಂಟನ್ನು ಕೆರೆದು, ತೊಳೆದು, ಕರಗಿಸಿ, ಸ್ಪಿರಿಟ್ಟಿನಲ್ಲಿ ಕಲಸಿದ್ದು. ಕೆರೆಯುವಾಗ ಹುಳುಗಳೂ ಅದರೊಡನೆಯೇ ಹೋಗುತ್ತವೆ. ಇನ್ನು ಕೆಲವು ಪಾಲಿಶುಗಳಲ್ಲಿ ಜೇನುಮೇಣವಿರುತ್ತದೆ. ಜೇನನ್ನು ತ್ಯಜಿಸಿದವರ ಮೇಜಿಗೆ ಜೇನುಗೂಡಿನ ಹೊಳಪು! ಹಳೆಯ ಮಾದರಿಯ ಮರಗೆಲಸದಲ್ಲಿ ಸಂದುಗಳನ್ನು ಕೂಡಿಸುವ ಸರೇಸು ಪ್ರಾಣಿಗಳ ಚರ್ಮ, ಮೂಳೆಗಳನ್ನು ಕುದಿಸಿ ತೆಗೆದದ್ದು. ಬೆಲೆಬಾಳುವ ಕುರ್ಚಿಗಳ ಹೊದಿಕೆ ಬಹುಮಟ್ಟಿಗೆ ತೊಗಲು. ಮೈಸೂರಿನ ಬೀಟೆಯ ಕುಸುರಿ ಕೆಲಸದಲ್ಲಿ ಹಿಂದೆ ಆನೆಯ ದಂತವನ್ನೇ ಕೂರಿಸುತ್ತಿದ್ದರು. ವನ್ಯಜೀವಿ ಕಾಯಿದೆಗೆ 1986ರಲ್ಲಿ ಮತ್ತು 1991ರಲ್ಲಿ ಆದ ತಿದ್ದುಪಡಿಗಳಿಂದ ದಂತದ ವ್ಯಾಪಾರ ನಿಂತಿತು. ನಿಧಾನವಾಗಿ ಬೆಳೆಯುವ ಬೀಟೆಯ ಮರದ ಅಂತರರಾಷ್ಟ್ರೀಯ ವ್ಯಾಪಾರವೂ 2017ರಿಂದ ‘ಸೈಟ್ಸ್’ ಒಪ್ಪಂದದ ನಿಯಂತ್ರಣಕ್ಕೆ ಬಂದಿದೆ.

ಸರ್ಕಾರಗಳು ಈಚೆಗೆ ಕಂಡುಕೊಂಡ ಈ ವಿವೇಕ ನಮ್ಮ ಆಚಾರ್ಯರಿಗೆ ಎಂದೋ ಇತ್ತು. ಶ್ವೇತಾಂಬರ ಪರಂಪರೆಯು ಎಣಿಸುವ 15 ಕರ್ಮಾದಾನಗಳಲ್ಲಿ ಕಾಡು ಕಡಿಯುವ ವನಕರ್ಮವಿದೆ, ದಂತವಾಣಿಜ್ಯವಿದೆ, ಅರಗನ್ನು ಮಾರುವ ಲಾಕ್ಷಾವಾಣಿಜ್ಯವೂ ಇದೆ. ದಿಗಂಬರರಲ್ಲಿ 13ನೆಯ ಶತಮಾನದ ಪಂಡಿತ ಆಶಾಧರರೂ ‘ಸಾಗಾರಧರ್ಮಾಮೃತ’ದಲ್ಲಿ ಇವುಗಳನ್ನು ಪ್ರಸ್ತಾಪಿಸಿದ್ದಾರೆ. ಮಾರಬಾರದೆಂದು ಹೇಳಿದ್ದನ್ನು ಕೊಳ್ಳಬಹುದೇ? ಕೊಳ್ಳುವವನಿಲ್ಲದೆ ಮಾರುವವನುಂಟೇ?

ಎರಡನೆಯ ಮಾತು, ವಸ್ತುವಿನ ಆಕಾರದ್ದು. ಎತ್ತುವಾಗ, ಇಡುವಾಗ ಜೀವಿಗಳನ್ನು ನೋಡಿ ಎತ್ತಬೇಕು, ನೋಡಿ ಇಡಬೇಕು ಎಂಬ ಆದಾನ-ನಿಕ್ಷೇಪಣ ಸಮಿತಿಯು ಮುನಿಗಳದ್ದು. ಅದರ ನೆರಳಾದರೂ ಗೃಹಸ್ಥನ ಮೇಲಿರಬೇಕು. ನಾಲ್ಕು ಜನ ಕೂಡಿದರೂ ಎತ್ತಲಾಗದ ಮೇಜನ್ನು ನೋಡಿ ಎತ್ತುವುದು ಹೇಗೆ? ಕೆತ್ತನೆಯ ಸಂದಿಯಲ್ಲಿ ಅನ್ನದ ಅಗುಳು ಒಣಗುತ್ತದೆ, ಮರದ ಮೇಲೆ ಹಾಸಿದ ಗಾಜಿನಡಿಗೆ ಸಾರಿನ ಹನಿ ಇಳಿಯುತ್ತದೆ, ಮೆತ್ತೆಯ ಹೊಲಿಗೆಯೊಳಗೆ ಸಿಹಿಯ ಪುಡಿ ಸೇರುತ್ತದೆ. ಅದನ್ನರಸಿ ಇರುವೆ ಬರುತ್ತದೆ, ಜಿರಲೆ ಬರುತ್ತದೆ. ಅವುಗಳ ಹಿಂದೆ ವಿಷದ ಬುಡ್ಡಿ ಹಿಡಿದ ಮನುಷ್ಯ ಬರುತ್ತಾನೆ. ಅವನನ್ನು ಕರೆಸಿದವರು ನಾವೇ. ಅಗುಳಿಗೆ ಅಡಗುದಾಣವನ್ನು ಕಟ್ಟಿಸಿದಂದೇ ಈ ಹಿಂಸೆಗೆ ಅಡಿಪಾಯ ಬಿದ್ದಿತು. ನುಣುಪಾದ ಹಲಗೆಯನ್ನು ಒಮ್ಮೆ ಒರೆಸಿದರೆ ಈ ಸರಪಳಿ ಅಲ್ಲಿಗೇ ಕಡಿಯುತ್ತಿತ್ತು.

ಮೂರನೆಯದು ದೀಪ. ದೀಪಗುಚ್ಛಕ್ಕೆ ಸಾವಿರಾರು ರೂಪಾಯಿ ಸುರಿಯುವವನು ಯಾವ ಹೊತ್ತಿನ ಊಟಕ್ಕಾಗಿ ಸುರಿಯುತ್ತಾನೆ? ನಮ್ಮ ನಾಡಿನಲ್ಲಿ ಸೂರ್ಯನು ಸುಮಾರು 6ರಿಂದ 7 ಗಂಟೆಯ ನಡುವೆ ಮುಳುಗುತ್ತಾನೆ. ಅನಸ್ತಮಿತ ವ್ರತವುಳ್ಳ ಮನೆಗೆ ಬೇಕಾದದ್ದು ಪಡುವಣಕ್ಕೆ ತೆರೆದ ಕಿಟಕಿ. ದೀಪವನ್ನು ಹಚ್ಚಿಕೊಂಡರೂ ಊಟಕ್ಕೆ ಬಂದು ಬೀಳುವ ಸೂಕ್ಷ್ಮಜೀವಿಗಳ ಹಿಂಸೆ ತಪ್ಪದೆಂದು ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಎಚ್ಚರಿಸಿದ್ದಾರೆ. ಊಟದ ಕೋಣೆಯ ದೀಪಾಲಂಕಾರವೆಂದರೆ ರಾತ್ರಿಭೋಜನಕ್ಕೆ ಕೊಟ್ಟ ಶಾಶ್ವತ ಆಮಂತ್ರಣ.

ಇಲ್ಲಿ ವಿದ್ಯಾವಂತರೊಬ್ಬರು ಆಕ್ಷೇಪಿಸಬಹುದು: “ಮೂರ್ಛೆಯೇ ಪರಿಗ್ರಹವೆಂದು ತತ್ತ್ವಾರ್ಥಸೂತ್ರವೇ ಹೇಳುತ್ತದೆ. ದೋಷ ಮಮತೆಯಲ್ಲಿದೆ, ಮೇಜಿನಲ್ಲಿಲ್ಲ. ನನಗೆ ಮೇಜಿನ ಮೇಲೆ ಮಮತೆಯಿಲ್ಲ.” ಈ ಸಮಾಧಾನವನ್ನು ನಾನೂ ಬಹುಕಾಲ ಹೇಳಿಕೊಂಡಿದ್ದೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಗೂ ಅರಗಿನ ಪಾಲಿಶಿನ ಮೇಜೊಂದು ಬಂದಿತು. ಅಡುಗೆಗೆ ನೆರವಾಗುತ್ತಿದ್ದ ಹೆಣ್ಣುಮಗಳು ಒಂದು ದಿನ ಬಿಸಿ ಪಾತ್ರೆಯನ್ನು ನೇರವಾಗಿ ಅದರ ಮೇಲಿಟ್ಟರು. ಅರಗು ಬಿಸಿಯನ್ನು ತಾಳದು. ಬಿಳಿಯ ಉಂಗುರವೊಂದು ಮೂಡಿತು. ಆಗ ನಾನಾಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಪಾತ್ರೆ ಹಿಡಿದು ತಂದ ಆಕೆಯ ಬೆರಳುಗಳು ಕೆಂಪೇರಿದ್ದುದನ್ನು ಕಂಡವಳು ನನ್ನ ಪತ್ನಿ, ನಾನಲ್ಲ. ಅಂದು ಬೆಳಿಗ್ಗೆಯಷ್ಟೇ ಸಾಮಾಯಿಕದಲ್ಲಿ ಸಕಲ ಜೀವಿಗಳೊಡನೆ ಮೈತ್ರಿಯನ್ನು ಭಾವಿಸಿ ಎದ್ದಿದ್ದೆ! ಮರುವಾರದಿಂದ ಆಕೆ ಬರಲಿಲ್ಲ. ಅಷ್ಟು ಕಾಲ ಆಕೆ ಒಳಗೆ ಅಡುಗೆಮನೆಯ ನೆಲದ ಮೇಲೆ ಕುಳಿತು ಉಣ್ಣುತ್ತಿದ್ದರೆಂಬುದೂ, ನಮ್ಮ ಎಂಟು ಕುರ್ಚಿಗಳಲ್ಲಿ ಒಂದೂ ಆಕೆಯದಾಗಿರಲಿಲ್ಲವೆಂಬುದೂ ಆಮೇಲೆ ಹೊಳೆಯಿತು. ಆ ಉಂಗುರವನ್ನು ನಾನು ತೆಗೆಸಿಲ್ಲ. ಮಮತೆಯಿಲ್ಲವೆನ್ನುವವರು ತಮ್ಮ ಮೇಜಿನ ಮೇಲೆ ಮಗುವೊಂದು ಮೊಳೆಯಿಂದ ಗೀರಿದಾಗ ತಮ್ಮ ದನಿಯನ್ನು ತಾವೇ ಕೇಳಿಸಿಕೊಳ್ಳಲಿ. ಮೂರ್ಛೆಗೆ ಇದಕ್ಕಿಂತ ಸುಲಭವಾದ ಅಳತೆಗೋಲಿಲ್ಲ.

ಹಾಗಾದರೆ ಊಟದ ಸ್ಥಳಕ್ಕೆ ನಮ್ಮ ಪರಂಪರೆಯು ಯಾವ ಪೀಠವನ್ನೂ ಹೇಳಿಲ್ಲವೇ? ಹೇಳಿದೆ. ಮುನಿಗಳಿಗೆ ಆಹಾರವನ್ನೀಯುವಾಗಿನ ನವಧಾ ಭಕ್ತಿಯಲ್ಲಿ, ಎದುರುಗೊಂಡ ಬಳಿಕ ಮಾಡಬೇಕಾದ ಎರಡನೆಯ ಉಪಚಾರವೇ ಉಚ್ಚಾಸನ. ಆ ಎತ್ತರದ ಪೀಠ ಅತಿಥಿಗೆ, ಯಜಮಾನನಿಗಲ್ಲ. ನಾವಾದರೋ ನಮಗೆ ಎಂಟು ಆಸನಗಳನ್ನು ಮಾಡಿಸಿಕೊಂಡು, ಅತಿಥಿಯ ಮಣೆಯನ್ನು ಅಟ್ಟಕ್ಕೆ ಹಾಕಿದ್ದೇವೆ. ಮುನಿಗಳು ದಿನಕ್ಕೊಮ್ಮೆ, ನಿಂತು, ಕರಪಾತ್ರದಲ್ಲಿ ಉಣ್ಣುತ್ತಾರೆ. ನಿಲ್ಲುವ ಶಕ್ತಿ ಕುಂದಿದಾಗ ಆಹಾರವನ್ನೇ ಬಿಡಬೇಕೆಂಬುದು ಅದರ ಒಳಗಿನ ನಿಯಮ. ನಮ್ಮ ಮದುವೆಗಳಲ್ಲಿಯೂ ಜನ ನಿಂತೇ ಉಣ್ಣುತ್ತಾರೆ. ತಟ್ಟೆ ತುಂಬ ಬಡಿಸಿಕೊಂಡು, ಅರ್ಧವನ್ನು ತೊಟ್ಟಿಗೆಸೆದು!

ಬಸದಿಗಳ ಟ್ರಸ್ಟಿನ ಮಹನೀಯರಿಗೂ ಒಂದು ವಿನಂತಿ. ಭೋಜನಶಾಲೆಗೆ ಬರುವ ಪ್ರತಿಯೊಂದು ಮೇಜಿನ ಅಂಚಿನಲ್ಲಿ, ಕುರ್ಚಿಯ ಬೆನ್ನಿನಲ್ಲಿ ದಾನಿಯ ಹೆಸರು ಬರೆಯಿಸುವ ಪದ್ಧತಿಯನ್ನು ನಿಲ್ಲಿಸಿ. ಕೊಟ್ಟ ಮೇಲೂ ಹೆಸರನ್ನು ಅಂಟಿಸಿ ಇಟ್ಟುಕೊಂಡರೆ ಅದು ದಾನವಲ್ಲ, ಸ್ಥಳಾಂತರಿಸಿದ ಪರಿಗ್ರಹ. ಕೊಳ್ಳುವ ಮುನ್ನ ಬಡಗಿಯನ್ನು ಮೂರು ಪ್ರಶ್ನೆ ಕೇಳಿ: ಮರ ಯಾವುದು, ಅಂಟು ಯಾವುದು, ಹೊಳಪು ಯಾವುದರದು?

ಮಂಡಿನೋವಿನ ಹಿರಿಯರನ್ನು ನೆಲದ ಮೇಲೆ ಕೂರಿಸಬೇಕೆಂದು ಯಾರೂ ಹೇಳುತ್ತಿಲ್ಲ. ಅದು ಧರ್ಮವಲ್ಲ, ಕ್ರೌರ್ಯ. ಮೇಜೇ ಪಾಪವೆಂಬ ವಾದವೂ ಇದಲ್ಲ. ಹಳೆಯ ಮನೆಯ ತೊಲೆಯಿಂದಲೋ ಬಾಗಿಲಿನಿಂದಲೋ ಮಾಡಿಸಿದ, ಅಗಸೆಯೆಣ್ಣೆ ತಿಕ್ಕಿದ, ಸಂದಿಗೊಂದಿಗಳಿಲ್ಲದ, ಇಬ್ಬರು ಎತ್ತಬಹುದಾದ ಮೇಜು, ಮನೆಮಂದಿಗೆ ಬೇಕಾದಷ್ಟೇ ಆಸನಗಳು, ಜೊತೆಗೆ ಬರುವವರಿಗೊಂದು, ಬೆಳಕಿಗೆ ಕಿಟಕಿ. ಇದರಲ್ಲಿ ಅಂದವಿಲ್ಲವೆನ್ನುವವರು ಅಂದವನ್ನು ಅಂಗಡಿಯವನಿಂದ ಕಲಿತವರು.

ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸುವಾಗ ನಾವು ಹೊಲ, ಮನೆ, ಚಿನ್ನ, ಬೆಳ್ಳಿಗಳ ಪಟ್ಟಿ ಮಾಡುತ್ತೇವೆ, ಪೀಠೋಪಕರಣಗಳನ್ನು ಮರೆಯುತ್ತೇವೆ. ಮುಂದಿನ ದಶಲಕ್ಷಣ ಪರ್ವದ ಒಂಬತ್ತನೆಯ ದಿನ, ಉತ್ತಮ ಆಕಿಂಚನ್ಯದ ದಿನ, ಸೂರ್ಯ ಮುಳುಗುವ ಮುನ್ನ ಮನೆಯವರೆಲ್ಲ ಕೂಡಿ ಊಟದ ಕೋಣೆಯ ಕುರ್ಚಿಗಳನ್ನೊಮ್ಮೆ ಎಣಿಸೋಣ. ನಮಗೆಷ್ಟು ಬೇಕು, ಯಾರಿಗೆ ಇದುವರೆಗೆ ಜಾಗ ಕೊಟ್ಟಿಲ್ಲ ಎಂದು ಕೇಳಿಕೊಳ್ಳೋಣ. ಉತ್ತರ ಸಿಕ್ಕ ಬಳಿಕ ಆ ಕೋಣೆಗೆ ಬೇರೆ ಅಲಂಕಾರ ಬೇಕಾಗದು.