ಪೆನ್ಸಿಲಿನ ಕತೆ ಸರಿ, ಕಾಫಿಯ ಕತೆ ಎಲ್ಲಿ?

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಸಕಲೇಶಪುರದ ಆಚೆಯ ಗುಡ್ಡದಲ್ಲಿ ಹಿರಿಯರಿಂದ ಬಂದ ಕಾಫಿ ತೋಟವನ್ನು ನೋಡಿಕೊಂಡಿರುವ ಸಜ್ಜನ. ಕೈಯಲ್ಲಿ ನಾಲ್ಕು ಚಿತ್ರಪುಸ್ತಕಗಳಿದ್ದವು. ಅಮೆರಿಕದಲ್ಲಿರುವ ಭಾವಮೈದುನ ಅವನ ಮಗಳಿಗೆಂದು ಕಳಿಸಿದವು. “ಸಾರ್, ಇವನ್ನು ನೀವು ಕನ್ನಡಕ್ಕೆ ಮಾಡಿಕೊಡಬೇಕು. ಬರೆದವರ ಒಪ್ಪಿಗೆ ನಾನು ತರಿಸ್ತೀನಿ, ಅಚ್ಚಿನ ಖರ್ಚೂ ನಂದೇ. ಸಕಲೇಶಪುರ, ಆಲೂರು ಎರಡು ತಾಲ್ಲೂಕಿನ ಶಾಲೆಗಳಿಗೂ ಹಂಚೋಣ” ಎಂದ. ನಾಲ್ಕನ್ನೂ ಓದಿದೆ. ಒಲ್ಲೆನೆಂದು ಹೇಳಿ ಕಳಿಸಿದೆ. ಅವನಿಗೆ ನೋವಾಯಿತು. ಎದುರಿಗೆ ಸರಿಯಾಗಿ ಹೇಳಲಾಗದ ಕಾರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥ ಪುಸ್ತಕಗಳು ಇಂದಲ್ಲ ನಾಳೆ ಕನ್ನಡಕ್ಕೆ ಬಂದೇ ಬರುತ್ತವೆ; ಆದ್ದರಿಂದ ಇದು ನಮ್ಮಿಬ್ಬರ ಮಾತಾಗಿ ಉಳಿಯತಕ್ಕದ್ದಲ್ಲ.

ಪುಸ್ತಕಗಳು ‘ಟಟಲ್ ಟ್ವಿನ್ಸ್’ ಎಂಬ ಮಾಲೆಯವು. ಯೂಟಾ ಪ್ರಾಂತದ ಕಾನರ್ ಬೊಯಾಕ್ ಎಂಬವರು ಬರೆದು, ಇಲೈಜಾ ಸ್ಟ್ಯಾನ್‌ಫೀಲ್ಡ್ ಎಂಬವರು ಚಿತ್ರ ಬಿಡಿಸಿ, 2014ರಿಂದ ಹೊರತರುತ್ತಿರುವಂಥವು. ಮುಕ್ತ ಮಾರುಕಟ್ಟೆ ಒಳ್ಳೆಯದು, ಸರ್ಕಾರ ತನ್ನ ಮಿತಿಯಲ್ಲಿರಬೇಕು ಎಂಬ ತತ್ತ್ವವನ್ನು ಇಬ್ಬರು ಅವಳಿ ಮಕ್ಕಳ ಕತೆಯಾಗಿ ಹೇಳುತ್ತವೆ. ಒಂದಕ್ಕೆ ಮೂಲ ಫ್ರಾನ್ಸಿನ ಬಾಸ್ತಿಯಾ 1850ರಲ್ಲಿ ಕಾನೂನಿನ ಬಗ್ಗೆ ಬರೆದ ಗ್ರಂಥ. ಇನ್ನೊಂದಕ್ಕೆ ಲೆನರ್ಡ್ ರೀಡ್ 1958ರಲ್ಲಿ ಬರೆದ ಪೆನ್ಸಿಲಿನ ಆತ್ಮಕತೆ. ಒಂದು ಪೆನ್ಸಿಲನ್ನು ಮೊದಲಿನಿಂದ ಕೊನೆಯವರೆಗೆ ಮಾಡಬಲ್ಲವನು ಲೋಕದಲ್ಲಿ ಒಬ್ಬನೂ ಇಲ್ಲ. ಒಬ್ಬರನ್ನೊಬ್ಬರು ಕಂಡಿರದ ಸಾವಿರಾರು ಜನ, ಯಾರ ಅಪ್ಪಣೆಯೂ ಇಲ್ಲದೆ, ಬೆಲೆಯೊಂದರ ದಾರಿ ಹಿಡಿದು ಅದನ್ನು ಮಾಡಿಬಿಡುತ್ತಾರೆ. ಮಾತು ನಿಜ, ಮಗುವಿಗೆ ಹೇಳತಕ್ಕದ್ದೂ ಹೌದು. ನನ್ನ ಜಗಳ ಅದರೊಡನೆ ಅಲ್ಲ.

ನಾನು ಸರ್ಕಾರದ ಕಡೆಯ ವಕೀಲನೂ ಅಲ್ಲ. ನಮ್ಮಪ್ಪನಿಗೆ ಆಲೂರು ಕಡೆಯ ಗುಡ್ಡದಲ್ಲಿ ಮೂರು ಎಕರೆ ಕಾಫಿ ಇತ್ತು. ಮನೆಬಳಕೆಗೂ ಬೀಜಕ್ಕೂ ಬಿಟ್ಟು ಉಳಿದದ್ದೆಲ್ಲ ಕಾಫಿ ಮಂಡಳಿಯ ಪೂಲಿಗೆ ಹೋಗತಕ್ಕದ್ದು. ದರ್ಜೆಗೆ ಇಷ್ಟು ಪಾಯಿಂಟು, ಪಾಯಿಂಟಿಗೆ ಇಷ್ಟು ದುಡ್ಡು. ಆ ದುಡ್ಡೂ ಮಂಡಳಿ ಮಾರಿದ ಹಾಗೆಲ್ಲ ಕಂತು ಕಂತಾಗಿ ಬರುತ್ತಿತ್ತು. ತಾನೇ ಬೆಳೆದು, ತನ್ನ ಕಣದಲ್ಲಿ ಒಣಗಿಸಿದ ಕಾಫಿಯನ್ನು ತನಗೆ ಬೇಕಾದವನಿಗೆ ಮಾರಿದರೆ ಅಪರಾಧ. “ಪೂಲ್ ದುಡ್ಡು ಬರಲಿ” ಎಂಬುದು ನಮ್ಮ ಮನೆಯಲ್ಲಿ ಎಲ್ಲ ಆಸೆಗಳಿಗೂ ಸಿಗುತ್ತಿದ್ದ ಉತ್ತರ. ಸರ್ಕಾರದ ಕೈ ಎಷ್ಟು ಉದ್ದ, ಎಷ್ಟು ನಿಧಾನ ಎಂಬುದನ್ನು ಬಾಸ್ತಿಯಾ ನನಗೆ ಕಲಿಸಬೇಕಾಗಿಲ್ಲ.

ಆದರೆ ಈ ಪೂಲು ಬಂದದ್ದಾದರೂ ಹೇಗೆ? ಎರಡನೆಯ ಮಹಾಯುದ್ಧ ಯುರೋಪಿನ ಪೇಟೆಯನ್ನು ಮುಚ್ಚಿಸಿತು. ಕೊಳ್ಳುವವರಿಲ್ಲದೆ ಬೆಳೆಗಾರ ಕಂಗಾಲಾದ. ಆಗ 1940ರಲ್ಲಿ ಸುಗ್ರೀವಾಜ್ಞೆ, 1942ರಲ್ಲಿ ಕಾಫಿ ಕಾಯಿದೆ ಬಂದವು. ಅಂದು ಊರುಗೋಲಾಗಿ ಬಂದದ್ದು ಮುಂದೆ ಸಂಕೋಲೆಯಾಯಿತು. 1989ರಲ್ಲಿ ದೇಶದೇಶಗಳ ನಡುವಿನ ಕಾಫಿ ಒಪ್ಪಂದದ ಕೋಟಾ ಮುರಿದುಬಿತ್ತು. 1991ರಲ್ಲಿ ನಮ್ಮ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. 1992ರಲ್ಲಿ ಬೆಳೆಯ ಶೇಕಡ 30ನ್ನು, ಮರುವರ್ಷ ಶೇಕಡ 50ನ್ನು ಬೆಳೆಗಾರ ತಾನೇ ಮಾರಬಹುದೆಂದಾಯಿತು. 1996ಕ್ಕೆ ಎಲ್ಲ ಬೆಳೆಗಾರರೂ ಪೂಲಿನಿಂದ ಪೂರ್ತಿ ಬಿಡುಗಡೆಯಾದರು. ನಡುವೆ 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಅಲ್ಲಿಯ ಗಿಡಗಳು ಸುಟ್ಟವು. ಇಲ್ಲಿ ಬೆಲೆ ಆಕಾಶಕ್ಕೇರಿತು. ನಮ್ಮ ಮನೆಯ ಮಂಗಳೂರು ಹೆಂಚು ಆ ಬೆಲೆಯದು.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಅನುವಾದಕ್ಕೆ ಕುಳಿತುಬಿಡುತ್ತಿದ್ದೆನೊ ಏನೊ. ಆದರೆ 2001ರ ಹೊತ್ತಿಗೆ ಬೆಲೆ ಪಾತಾಳಕ್ಕಿಳಿಯಿತು. ಹಣ್ಣು ಕುಯ್ಯಿಸಿದ ಕೂಲಿಯೂ ಹುಟ್ಟದಾಯಿತು. ಅಪ್ಪ ತೋಟದ ಸಿಲ್ವರ್ ಮರಗಳನ್ನು ಕಡಿಸಿ ನನ್ನ ಎಂ.ಎ. ಶುಲ್ಕ ಕಟ್ಟಿದ. ಸರ್ಕಾರ ದೂರವಿರಲಿ ಎಂದಿದ್ದ ಬೆಳೆಗಾರರೇ ಆಗ ಸರ್ಕಾರದ ಬಾಗಿಲು ತಟ್ಟಿದರು. 2010ರಲ್ಲಿ ಸಣ್ಣ ಬೆಳೆಗಾರರಿಗೆ ಸಾಲಪರಿಹಾರವೂ ಬಂತು. ಅದನ್ನು ತಪ್ಪೆನ್ನುತ್ತಿಲ್ಲ, ಬಿದ್ದವನು ಕೈ ಚಾಚುವುದು ಸಹಜ. ಈಚಿನ ಎರಡು ಮೂರು ವರ್ಷಗಳಲ್ಲಿ ಬೆಲೆ ಮತ್ತೆ ಏರಿತು, ಸರ್ಕಾರ ಮತ್ತೆ ಬೇಡವಾಯಿತು. ನನ್ನ ವಿದ್ಯಾರ್ಥಿಗೆ ಈ ಪುಸ್ತಕಗಳು ರುಚಿಸಿದ್ದು ಇಂಥ ಸುಭಿಕ್ಷದ ಕಾಲದಲ್ಲಿ ಎಂಬುದನ್ನು ಗಮನಿಸಬೇಕು.

ಈಗ ನನ್ನ ಆಕ್ಷೇಪಣೆಯನ್ನು ಹೇಳುತ್ತೇನೆ. ಈ ಪುಸ್ತಕಗಳಲ್ಲಿ ತೀರ್ಪು ಮೊದಲು ಹುಟ್ಟಿದೆ, ಕತೆ ಆಮೇಲೆ. ಮಕ್ಕಳು ಪ್ರಶ್ನೆ ಕೇಳುತ್ತಾರೆ ನಿಜ. ಆದರೆ ಉತ್ತರವಿರುವ ಪ್ರಶ್ನೆಯನ್ನೇ ಕೇಳುತ್ತಾರೆ. ಎಂಟು ವರ್ಷದ ಮಗುವಿಗೆ ಇದು ವಿದ್ಯೆಯಲ್ಲ, ದೀಕ್ಷೆ.

ಈ ದೋಷ ಒಂದೇ ಪಕ್ಷದ್ದೆಂದು ಯಾರೂ ತಿಳಿಯಬಾರದು. 1930ರಲ್ಲಿ ರಷ್ಯದ ಇಲಿನ್ ಅಲ್ಲಿಯ ಮೊದಲ ಪಂಚವಾರ್ಷಿಕ ಯೋಜನೆಯನ್ನು ಮಕ್ಕಳಿಗೆ ಸೊಗಸಾಗಿ ವರ್ಣಿಸಿ ಬರೆದ. ಆ ಯೋಜನೆಯ ಕಾಲದಲ್ಲೇ ಹಸಿವಿನಿಂದ ಸತ್ತ ರೈತರು ಆ ಪುಸ್ತಕದಲ್ಲಿಲ್ಲ. ನಮ್ಮ ಮೀನೂ ಮಸಾನಿಯವರು 1940ರಲ್ಲಿ ಮಕ್ಕಳಿಗಾಗಿ ‘ನಮ್ಮ ಭಾರತ’ವನ್ನು ಇಂಗ್ಲಿಷಿನಲ್ಲಿ ಬರೆದರು, 1945ರಲ್ಲಿ ಮುಂಬಯಿ ಉದ್ಯಮಿಗಳ ಆರ್ಥಿಕ ಯೋಜನೆಯನ್ನು ಚಿತ್ರಗಳ ಮೂಲಕ ಜನಕ್ಕೆ ತಿಳಿಯಹೇಳಿದರು. ಅದೇ ಮಸಾನಿಯವರು 1959ರಲ್ಲಿ ರಾಜಾಜಿಯವರ ಜೊತೆ ಸ್ವತಂತ್ರ ಪಕ್ಷ ಕಟ್ಟಿ ಯೋಜನೆ, ಲೈಸೆನ್ಸು, ಪರ್ಮಿಟ್ಟುಗಳ ವಿರುದ್ಧ ನಿಂತರು. ಅಭಿಪ್ರಾಯ ಬದಲಿಸುವುದು ದೊಡ್ಡವರ ಹಕ್ಕು, ಒಪ್ಪಿದೆ. ಆದರೆ ದೊಡ್ಡವರು ಮನಸ್ಸು ಬದಲಿಸಿದ ಸುದ್ದಿ ಚಿತ್ರ ನೋಡಿ ಬೆಳೆದ ಮಗುವಿಗೆ ಮುಟ್ಟುವುದು ಹೇಗೆ?

“ನಮ್ಮ ಪಂಚತಂತ್ರವೂ ನೀತಿ ಬೋಧಿಸುವ ಪುಸ್ತಕವೇ ಅಲ್ಲವೆ ಸಾರ್?” ಎಂದು ಅವನು ಕೇಳಿದ. ನಾನೇ ಪಾಠ ಹೇಳಿದ ದುರ್ಗಸಿಂಹನನ್ನು ನನ್ನ ಮೇಲೆಯೇ ಬಿಟ್ಟ! ಹೌದು, ಬೋಧಿಸುತ್ತದೆ. ಆದರೆ ಅಲ್ಲಿ ದಮನಕ ಒಂದು ಕತೆ ಹೇಳಿದರೆ ಕರಟಕ ಅದಕ್ಕೆ ಎದುರಾಗಿ ಇನ್ನೊಂದು ಹೇಳುತ್ತಾನೆ. ನೀತಿಗೆ ಪ್ರತಿನೀತಿ ಉಂಟು. ಕೆಟ್ಟವನ ಬಾಯಲ್ಲೂ ಬುದ್ಧಿಯ ಮಾತು ಉಂಟು. ಕೇಳುವ ಮಗು ನಡುವೆ ಕುಳಿತು ತೂಗಬೇಕು. ಸಾವಿರ ವರ್ಷದ ಹಿಂದಿನ ಕನ್ನಡ ಕವಿಗೆ ಓದುಗನ ಮೇಲಿದ್ದ ಈ ನಂಬಿಕೆ ಇಂದಿನ ತತ್ತ್ವಪ್ರಚಾರಕರಿಗೆ ಇಲ್ಲ.

ನಮ್ಮ ಗುಡ್ಡದ ಮಕ್ಕಳ ಮುಂದೆ ಇರುವುದಾದರೂ ಏನು? ನ್ಯೂಯಾರ್ಕಿನಲ್ಲಿ ಅರೇಬಿಕಾಕ್ಕೆ, ಲಂಡನ್ನಿನಲ್ಲಿ ರೊಬಸ್ಟಾಕ್ಕೆ ಕಟ್ಟುವ ಬೆಲೆ ಸಂಜೆಯೊಳಗೆ ಇವರ ಮನೆಯ ಜಗಲಿಗೆ ಬರುತ್ತದೆ. ಮಾರುವ ಕಾಫಿ ಅಪ್ಪನದು. ಗಿಡದ ತಳಿ ಸರ್ಕಾರ ನಡೆಸುವ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ್ದು. ಅದೇ ಹಣ್ಣು ಕುಯ್ದವರ ಮಗು ಲೈನ್ ಮನೆಯಿಂದ ಸರ್ಕಾರಿ ಶಾಲೆಗೆ ಬರುತ್ತದೆ. ಸರ್ಕಾರ ಚಿಕ್ಕದಿರಬೇಕೆಂಬ ಪುಸ್ತಕವನ್ನು ಅದು ಬಿಸಿಯೂಟ ಮುಗಿಸಿ, ಕೈ ತೊಳೆದುಕೊಂಡು ಓದಬೇಕು! ಇತ್ತ ಗೊರೂರಿನ ಹೇಮಾವತಿ ಜಲಾಶಯಕ್ಕೆ ಊರು ಕಳೆದುಕೊಂಡವರ ಮೊಮ್ಮಕ್ಕಳೂ ಈ ಜಿಲ್ಲೆಯಲ್ಲಿದ್ದಾರೆ. ನಾನು ಓದಿದ ಪಾಠಗಳಲ್ಲಿ ಅಣೆಕಟ್ಟು ಬಂತು, ಮುಳುಗಿದ ಊರು ಬರಲಿಲ್ಲ. ಸರ್ಕಾರಕ್ಕೆ ಮಿತಿ ಏಕೆ ಬೇಕೆಂದು ಅವರಿಗಿಂತ ಚೆನ್ನಾಗಿ ಯಾರು ಹೇಳಬಲ್ಲರು?

ಇನ್ನು ಆನೆ. 2023ರ ಡಿಸೆಂಬರಿನಲ್ಲಿ, ದಸರೆಯ ಅಂಬಾರಿ ಹೊತ್ತಿದ್ದ ಅರ್ಜುನ ಇದೇ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆಯೊಡನೆ ಕಾದಾಡಿ ಸತ್ತದ್ದನ್ನು ಇಲ್ಲಿಯ ಮಕ್ಕಳು ಮರೆತಿಲ್ಲ. ಆನೆಗೆ ಬೇಲಿಯೂ ತಿಳಿಯದು, ಬೆಲೆಯೂ ತಿಳಿಯದು. ಅದು ಯಾರ ಸೊತ್ತು? ತುಳಿದ ತೋಟದ ನಷ್ಟ ಯಾರದು? ಬೆಳಿಗ್ಗೆ ಶಾಲೆಯ ದಾರಿಯಲ್ಲಿ ಅದು ನಿಂತಿದ್ದರೆ ಕರೆಯುವುದು ಯಾರನ್ನು? ನನ್ನ ವಿದ್ಯಾರ್ಥಿಯ ಮಗಳು ಆ ಪುಸ್ತಕಗಳನ್ನು ಓದಿ ಕೇಳಿದ್ದು ಒಂದೇ ಮಾತಂತೆ: “ಅಪ್ಪ, ಇವರ ಊರಲ್ಲಿ ಆನೆ ಬರಲ್ವಾ?” ಅವನು ಅದನ್ನು ತಮಾಷೆಯೆಂದು ಹೇಳಿದ. ನನಗೆ ಅದಕ್ಕಿಂತ ಒಳ್ಳೆಯ ವಿಮರ್ಶೆ ತೋಚಲಿಲ್ಲ.

ಮಕ್ಕಳಿಗೆ ಮಾರುಕಟ್ಟೆಯ ವಿಚಾರ ಬೇಡವೆಂದು ನಾನು ಹೇಳುತ್ತಿಲ್ಲ. ಬೇಕು, ಅಗತ್ಯವಾಗಿ ಬೇಕು. ಬೆಲೆ ಎಂದರೇನು, ತೆರಿಗೆ ಎಂದರೇನು, ಕಾನೂನು ಯಾರನ್ನು ಕಟ್ಟಬೇಕು, ಯಾರನ್ನು ಬಿಡಬೇಕು ಎಂಬುದು ತಿಳಿಯದೆ ಬೆಳೆದ ಮಗು ನಾಳೆ ವ್ಯಾಪಾರಿಗೂ ಮೋಸಹೋಗುತ್ತದೆ, ಮಂತ್ರಿಗೂ ಮೋಸಹೋಗುತ್ತದೆ. ಆದರೆ ಯೂಟಾದ ಉತ್ತರವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟರೆ ಅದು ತಿಳಿದಂತಾಗದು.

ನಾಲ್ಕು ಪುಸ್ತಕಗಳು ಇನ್ನೂ ನನ್ನ ಮೇಜಿನ ಮೇಲಿವೆ. ಈ ಭಾನುವಾರ ಹಿಂದಿರುಗಿಸಲು ಹೋಗುವವನಿದ್ದೇನೆ. ಅಚ್ಚಿನ ಖರ್ಚು ತನ್ನದೆಂದಿದ್ದನಲ್ಲ, ಆ ಮಾತಿಗೆ ಅವನನ್ನು ಹಿಡಿಯುತ್ತೇನೆ. ಅವನ ಅಜ್ಜ ಪೂಲನ್ನು ಏಕೆ ಹೊಗಳುತ್ತಿದ್ದರು, ಅಪ್ಪ ಏಕೆ ಬೈಯುತ್ತಿದ್ದರು, 2001ರಲ್ಲಿ ತೋಟದ ಲೈನಿನಲ್ಲಿ ಏನು ನಡೆಯಿತು—ಇಷ್ಟನ್ನೂ ಅವನು ಹೇಳಲಿ, ಲೈನಿನ ಹಿರಿಯರೂ ಹೇಳಲಿ, ನಾನು ಬರೆಯುತ್ತೇನೆ. ಚಿತ್ರ ಬಿಡಿಸಲು ಎರಡು ತಾಲ್ಲೂಕಿನ ಮಕ್ಕಳಿದ್ದಾರೆ. ಮೊದಲ ಪುಟದಲ್ಲಿ ಆನೆ ಇರಲಿ. ಕೊನೆಯ ಪುಟದಲ್ಲಿ ನೀತಿವಾಕ್ಯ ಮಾತ್ರ ಬೇಡ.