ವರದೆಯ ದಡದಲ್ಲಿ ಎರಡು ದಿನ

ಗ್ರೀಸ್ ದೇಶವನ್ನು ಸುತ್ತಿಕೊಂಡು ಬಂದ ನಮ್ಮ ಬಂಧುಗಳೊಬ್ಬರು ಈಚೆಗೆ ಒಂದು ಸಂಜೆ ನಮ್ಮಲ್ಲಿಗೆ ಬಂದಿದ್ದರು. ಕಾಫಿ ಆರುವವರೆಗೂ ಅವರ ಬಾಯಲ್ಲಿ ಅಕೆರಾನ್ ನದಿಯದೇ ಮಾತು. ಸತ್ತವರ ಆತ್ಮಗಳನ್ನು ಅಂಬಿಗನೊಬ್ಬನು ಆ ಹೊಳೆಯಲ್ಲಿ ದಾಟಿಸುತ್ತಾನೆಂದು ಪ್ರಾಚೀನ ಗ್ರೀಕರು ನಂಬಿದ್ದರು. ನಮ್ಮ ವೈತರಣಿಗೆ ಸೋದರಿಯೆನ್ನಬಹುದು. ಈಗ ಅಲ್ಲಿಗೆ ಬರುವವರು ಪರಲೋಕದ ಚಿಂತೆಯನ್ನು ಬಿಟ್ಟು, ಮೊಣಕಾಲುದ್ದದ ತಣ್ಣೀರಿನಲ್ಲಿ ನಡೆಯುತ್ತಾರೆ, ಕುದುರೆಯೇರುತ್ತಾರೆ, ದೋಣಿಯಲ್ಲಿ ತೇಲುತ್ತಾರೆ, ಗುಡ್ಡದ ಮೇಲಿನ ಹಾಳು ಗೋಡೆಗಳನ್ನು ನೋಡಿ ಬರುತ್ತಾರೆ. ಎಲ್ಲವನ್ನೂ ಕೇಳಿದ ಮೇಲೆ, “ವರದೆಯನ್ನು ನೋಡಿದ್ದೀರಾ?” ಎಂದು ನಾನು ವಿಚಾರಿಸಿದೆ. “ಯಾವ ವರದೆ?” ಎಂದರು. ಹುಬ್ಬಳ್ಳಿಯಲ್ಲೇ ಹುಟ್ಟಿ ಬೆಳೆದವರು. ಬೆಂಗಳೂರಿಗೆ ಹೋಗುವಾಗಲೆಲ್ಲ ಹಾವೇರಿಯ ಈಚೆಗೆ ಆ ನದಿಯ ಸೇತುವೆಯನ್ನು ದಾಟಿದವರು!

ತಪ್ಪು ಅವರೊಬ್ಬರದಲ್ಲ. ಹೆದ್ದಾರಿಯ ಮೋಟಾರಿನಲ್ಲಿ ಕುಳಿತವನಿಗೆ ಸೇತುವೆಯೆಂದರೆ ಅರೆನಿಮಿಷದ ಸದ್ದು ಮಾತ್ರ. ಆದುದರಿಂದ ವಾಚಕರನ್ನು ಈ ವಾರ ವರದೆಯ ಸೀಮೆಗೆ ಕರೆದೊಯ್ಯಬೇಕೆಂಬುದು ನನ್ನ ಆಸೆ.

ಹುಬ್ಬಳ್ಳಿಯಿಂದ ಒಂದು ತಾಸಿನೊಳಗೆ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿ ಬರುತ್ತದೆ. ಅಲ್ಲಿ ಹೆದ್ದಾರಿಯ ಮಗ್ಗುಲಲ್ಲೇ ಉತ್ಸವ ರಾಕ್ ಗಾರ್ಡನ್ ಇದೆ. ಕಲಾವಿದ ಟಿ. ಬಿ. ಸೊಲಬಕ್ಕನವರ ಅವರ ಕಲ್ಪನೆಯಲ್ಲಿ ಮೂಡಿದ ಈ ಉದ್ಯಾನದಲ್ಲಿ ಉಳುವವರು, ಕುಟ್ಟುವವರು, ದನ ಕಾಯುವವರು, ಸಂತೆಗೆ ಹೊರಟವರು ಎಲ್ಲರೂ ಆಳೆತ್ತರದ ಪ್ರತಿಮೆಗಳಾಗಿ ನಿಂತಿದ್ದಾರೆ. ಇದೇ ಊರಿನಲ್ಲಿ 2011ರಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಸ್ಥಾಪಿತವಾಯಿತು. ಪೇಟೆಯ ಮಕ್ಕಳಿಗೆ ಕಣ, ಮೇಟಿ, ರಾಟೆ ಎಂಬ ಮಾತುಗಳ ಅರ್ಥವನ್ನು ನಿಘಂಟಿನಿಂದ ಹೇಳಿಕೊಡುವುದಕ್ಕಿಂತ ಇಲ್ಲಿ ಒಂದು ತಾಸು ಅಡ್ಡಾಡಿಸುವುದು ಮೇಲು. ಆದರೆ ಬಹುಮಂದಿ ಪ್ರತಿಮೆಗಳೊಡನೆ ಚಿತ್ರ ತೆಗೆಸಿಕೊಂಡು ಇಲ್ಲಿಂದಲೇ ಹಿಂದಿರುಗುತ್ತಾರೆ. ನಿಜವಾಗಿ ನೋಡಿದರೆ ಇದು ಬಾಗಿಲು. ಮನೆ ಇನ್ನೂ ಮುಂದಿದೆ.

ಮುಂದಿನ ಊರು ಬಂಕಾಪುರ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ದಂಡನಾಯಕ ಬಂಕೇಯನ ಹೆಸರನ್ನು ಹೊತ್ತ ಊರಿದು. ಕೋಟೆಯೊಳಗೆ ನಗರೇಶ್ವರ ದೇವಾಲಯವಿದೆ. ಜನರು ಅದನ್ನು ಅರವತ್ತು ಕಂಬದ ಗುಡಿ ಎಂದೇ ಕರೆಯುವರು. ಮಿರುಗುವ ಕಂಬಗಳ ನಡುವೆ ನಿಂತು ಎಣಿಸತೊಡಗಿದ ಹುಡುಗರು ಎರಡು ಸಲ ತಪ್ಪದೆ ಲೆಕ್ಕವನ್ನು ಮುಗಿಸಲಾರರು. ಇಲ್ಲಿಗೆ ಬರುವುದಾದರೆ ಬೆಳಗಿನ ಹೊತ್ತೇ ಬರಬೇಕು. ಕೋಟೆಯ ಕಂದಕದ ಮರಗಳಿಂದ ನವಿಲುಗಳು ಕೂಗುವುದು ಆಗಲೇ. ಖಿಲಾರಿ ತಳಿಯ ದನಗಳನ್ನು ಸಾಕುವ ಸರಕಾರಿ ಕ್ಷೇತ್ರವೊಂದು ಬಹುಕಾಲದಿಂದ ಇಲ್ಲಿರುವುದರಿಂದ ಹುಲ್ಲುಗಾವಲು ಹುಲ್ಲುಗಾವಲಾಗಿಯೇ ಉಳಿಯಿತು. ಹುಲ್ಲು ಉಳಿದುದರಿಂದ ನವಿಲೂ ಉಳಿಯಿತು. ನವಿಲುಧಾಮವೆಂಬ ಘೋಷಣೆಯಾದದ್ದು 2006ರಲ್ಲಿ. ಕಾಯಿದೆ ಬರುವ ಮೊದಲೇ ಎತ್ತುಗಳು ನವಿಲನ್ನು ಕಾಯ್ದಿದ್ದವು ಎನ್ನಬೇಕು.

ಬಂಕಾಪುರದಿಂದ ಪಡುವಣಕ್ಕೆ ತಿರುಗಿದರೆ ಹಾನಗಲ್ಲು. ಸೈಕಲ್ಲು ತುಳಿಯಬಲ್ಲವರು ಈ ದಾರಿಯನ್ನು ಸೈಕಲ್ಲಿನಲ್ಲೇ ಸಾಗುವುದು ಚೆನ್ನ. ಬೆಳವಲದ ಬಯಲು ಮೆಲ್ಲಗೆ ಮಲೆನಾಡಿನ ಸೆರಗನ್ನು ಮುಟ್ಟುವ ಬಗೆಯು ಆಗ ಮಾತ್ರ ತಿಳಿಯುತ್ತದೆ. ಜೋಳದ ಹೊಲಗಳು ಹಿಂದಾಗುತ್ತವೆ, ಕೆರೆಗಳು, ಭತ್ತದ ಗದ್ದೆಗಳು, ಅಡಕೆಯ ತೋಟಗಳು ಕಾಣಿಸುತ್ತವೆ. ಹಾನಗಲ್ಲಿನ ಹಳೆಯ ಹೆಸರು ಪಾನುಂಗಲ್. ಕದಂಬರ ಶಾಖೆಯೊಂದರ ರಾಜಧಾನಿ. ಶಾಸನಗಳು ಇದನ್ನು ವಿರಾಟನ ಕೋಟೆಯೆಂದೂ ಕರೆದಿವೆ. ಪಾಂಡವರು ಅಜ್ಞಾತವಾಸವನ್ನು ಕಳೆದದ್ದು ಇಲ್ಲಿಯೇ ಎಂಬುದು ಊರವರ ನಂಬಿಕೆ. ಚಾಲುಕ್ಯ ಶೈಲಿಯ ತಾರಕೇಶ್ವರ ದೇವಾಲಯವನ್ನು ಹೊಕ್ಕವರು ಮೊದಲು ಮೇಲೆ ನೋಡಬೇಕು. ಎಂಟು ಮೂಲೆಯ ಭುವನೇಶ್ವರಿಯ ನಡುವೆ ಕಲ್ಲಿನ ಮಹಾಪದ್ಮವೊಂದು ತಲೆಕೆಳಗಾಗಿ ಅರಳಿದೆ. ಕತ್ತು ನೋಯುವವರೆಗೂ ನೋಡಿ, ನೆಲದ ಮೇಲೆ ಮಲಗಿ ಮತ್ತೆ ನೋಡಿದವರನ್ನು ನಾನು ಬಲ್ಲೆ, ನಾಚಿಕೆಪಡಬೇಕಾದ ಕಾರಣವಿಲ್ಲ. ಹಾನಗಲ್ಲಿನ ಬಳಿ ಹರಿಯುವ ಧರ್ಮಾ ನದಿಯು ಮುಂದೆ ವರದೆಯನ್ನೇ ಕೂಡಿಕೊಳ್ಳುತ್ತದೆ.

ವರದೆ ಹುಟ್ಟುವುದು ಸಾಗರದ ಸಮೀಪದ ವರದಾಮೂಲದಲ್ಲಿ. ಅಲ್ಲಿಂದ ಬಡಗಣಕ್ಕೆ ಹರಿದು ಬನವಾಸಿಯನ್ನು ಮೂರು ಕಡೆ ಬಳಸಿ ಈ ಸೀಮೆಗೆ ಇಳಿಯುತ್ತಾಳೆ. ಎರಡನೆಯ ಶತಮಾನದಲ್ಲಿ ದೂರದ ಅಲೆಕ್ಸಾಂಡ್ರಿಯದಲ್ಲಿ ಕುಳಿತು ಭೂವಿವರಣೆಯನ್ನು ಗ್ರೀಕ್ ಭಾಷೆಯಲ್ಲಿ ಬರೆದ ಟಾಲೆಮಿಯು ಬನವಾಸಿಯ ಹೆಸರನ್ನು ತನ್ನ ಗ್ರಂಥದಲ್ಲಿ ಕಾಣಿಸಿದ್ದಾನೆ. ಅಂದಿನ ಗ್ರೀಕನಿಗೆ ತಿಳಿದಿದ್ದ ನದೀತೀರದ ಊರು ಇಂದಿನ ನೆರೆಯವರಾದ ನಮಗೆ ಅಪರಿಚಿತವಾಗಬೇಕೆ?

ಎರಡನೆಯ ದಿನ ಮೂಡಣ ದಿಕ್ಕನ್ನು ಹಿಡಿಯೋಣ. ಸವಣೂರಿನ ದೊಡ್ಡಹುಣಸೆ ಕಲ್ಮಠದಲ್ಲಿ ಆಫ್ರಿಕದ ಮೂಲದ ಮೂರು ಮಹಾವೃಕ್ಷಗಳಿವೆ. ಮಠಕ್ಕೆ ಹೆಸರು ಬಂದದ್ದೇ ಈ ದೊಡ್ಡಹುಣಸೆ ಮರಗಳಿಂದ. ಕೆಲವರು ಕೈಕೈ ಹಿಡಿದರೂ ಬುಡವನ್ನು ಬಳಸಲಾಗದು. 2023ರ ಮಳೆಗಾಲದಲ್ಲಿ ಅವುಗಳಲ್ಲೊಂದು ಬೇರು ಸಹಿತ ಉರುಳಿದಾಗ ಜನರು ಅದನ್ನು ಕಟ್ಟಿಗೆಯೆಂದು ಕಡಿಯಲಿಲ್ಲ. ಯಂತ್ರಗಳನ್ನು ತರಿಸಿ ಎತ್ತಿ ಮತ್ತೆ ನೆಟ್ಟರು.

ಅಲ್ಲಿಂದ ಮುಂದೆ ಗಳಗನಾಥ. ಇಲ್ಲಿಯೇ ವರದೆ ತುಂಗಭದ್ರೆಯನ್ನು ಸೇರುವುದು. ಸಂಗಮದ ದಡದಲ್ಲಿರುವ ಗಳಗೇಶ್ವರನ ಗುಡಿಯ ಬುಡವು ಇಳಿಜಾರಾದ ಮೆಟ್ಟಿಲುಗಳಂತೆ ಹೊರಕ್ಕೆ ಹಬ್ಬಿ, ಪ್ರವಾಹವೇ ಬಂದರೂ ಕದಲೆನೆಂದು ನೆಲವನ್ನು ಅಪ್ಪಿ ಕುಳಿತಂತಿದೆ. ಈ ಊರಿನ ಹೆಸರನ್ನೇ ಕಾವ್ಯನಾಮವಾಗಿಸಿಕೊಂಡು, ಕಾದಂಬರಿಗಳನ್ನು ಬರೆದು, ಕನ್ನಡಿಗರಿಗೆ ಓದುವ ಹುಚ್ಚು ಹಿಡಿಸಿದವರು ವೆಂಕಟೇಶ ತಿರಕೋ ಕುಲಕರ್ಣಿಯವರು. ವಾರವಾರವೂ ಧಾರಾವಾಹಿಗಾಗಿ ಕಾಯುವ ನಾವು ಆ ದಡದಲ್ಲಿ ಒಮ್ಮೆ ಕುಳಿತು ಬರುವುದು ಋಣಸಂದಾಯವೇ ಸರಿ.

ಇಷ್ಟೆಲ್ಲ ಹೇಳಿ ಹೊಳೆಯ ವಿಷಯವನ್ನೇ ಮರೆಯಬಾರದು. 2019ರ ಆಗಸ್ಟಿನಲ್ಲಿ ವರದೆ ಉಕ್ಕಿ ಹೊಲಮನೆಗಳಿಗೆ ನುಗ್ಗಿದಳು. ಬೇಸಗೆಯಲ್ಲಿ ನೋಡಿದರೆ ಮರಳು ಮತ್ತು ಅಲ್ಲಲ್ಲಿ ನಿಂತ ಮಡುಗಳು. ಉತ್ತರ ಕನ್ನಡದ ಬೇಡ್ತಿಯ ನೀರನ್ನು ವರದೆಗೆ ತಿರುಗಿಸಬೇಕೆಂಬ ಯೋಜನೆಯ ಮಾತು ದಶಕಗಳಿಂದ ನಡೆದಿದೆ. ಬೆಳೆಗೆ ನೀರು ಬೇಕೆನ್ನುವ ಹಾವೇರಿಯ ರೈತನ ಕೂಗೂ ಸುಳ್ಳಲ್ಲ. ಕಾಡು, ಕಣಿವೆಗಳು ಕೆಡುವುವೆನ್ನುವ ಘಟ್ಟದವರ ಭಯವೂ ಸುಳ್ಳಲ್ಲ. ತೀರ್ಪು ಕೊಡುವಷ್ಟು ದೊಡ್ಡವನು ನಾನಲ್ಲ. ಆದರೆ ಎರಡೂ ಹೊಳೆಗಳನ್ನು ಕಣ್ಣಾರೆ ಕಾಣದೆ ಪಟ್ಟಣದಲ್ಲಿ ಕುಳಿತು ಪರವಾಗಿಯೋ ವಿರೋಧವಾಗಿಯೋ ವಾದಿಸುವವರಿಗೆ ಒಂದು ಮಾತು ಹೇಳಬಲ್ಲೆ: ಮೊದಲು ಹೋಗಿ ನೋಡಿ ಬನ್ನಿ.

ದೀಪಾವಳಿ ಕಳೆದ ಮೇಲೆ ಹೊರಡುವುದು ಒಳ್ಳೆಯದು. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ ಸಾಕು. ಮರಳು ತೆಗೆದ ಗುಂಡಿಗಳು ಕಣ್ಣಿಗೆ ಕಾಣವು. ದಡದವರನ್ನು ಕೇಳದೆ ಮಕ್ಕಳನ್ನು ನೀರಿಗೆ ಇಳಿಸಬೇಡಿ. ನಮ್ಮ ಬಂಧುಗಳು ಅಂದು ಹೊರಡುವಾಗ ಬಾಗಿಲಲ್ಲಿ ನಿಂತು, “ಆ ಸೇತುವೆಯ ಹತ್ತಿರ ಗಾಡಿ ನಿಲ್ಲಿಸಲು ಜಾಗವಿದೆಯೆ?” ಎಂದು ಕೇಳಿದರು. ಬಂಕಾಪುರದಿಂದಲೇ ನಿಧಾನವಾಗಿ ಹೋದರೆ ಜಾಗ ತಾನಾಗಿ ಕಾಣಿಸುತ್ತದೆಂದು ಹೇಳಿ ಕಳುಹಿಸಿದೆ.