ಹಕ್ಕಿಮನೆಯಲ್ಲಿ ವರ್ಷವಿಡೀ ಮಳೆಗಾಲ

ಕಳೆದ ಶ್ರಾವಣ ಮಾಸದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಭಾಲ್ಕಿಯಿಂದ ಖಟಕ ಚಿಂಚೋಳಿಯ ನಮ್ಮ ಮನೆಗೆ ಬಂದಿದ್ದ. ಡಿಪ್ಲೊಮಾ ಮುಗಿಸಿ ಎರಡು ವರ್ಷವಾದರೂ ಕೆಲಸ ಸಿಕ್ಕಿರಲಿಲ್ಲ. ಚಹಾ ಕುಡಿಯುತ್ತ ಪಡಸಾಲೆಯ ಪಕ್ಕದ ಹಕ್ಕಿಮನೆಯನ್ನು ಬಹಳ ಹೊತ್ತು ನೋಡಿ, "ಸರ, ನಾಲ್ಕು ಜೋಡಿ ಫಿಂಚ್ ಕೊಡ್ರಿ. ಮರಿ ಮಾಡಿಸಿ ಬೀದರಕ್ಕ, ಹೈದರಾಬಾದಕ್ಕ ಕೊಡ್ತೀನಿ. ವರ್ಷಕ್ಕ ಎಷ್ಟು ಸಲ ಮರಿ ಮಾಡ್ತಾವ ಹೇಳ್ರಿ" ಎಂದು ಕೇಳಿದ. ನಾನು ಕೊಡಲಿಲ್ಲ. ಹುಡುಗ ಮುಖ ಸಣ್ಣದು ಮಾಡಿಕೊಂಡು ಹೊರಟುಹೋದ. ಮೂವತ್ತು ವರ್ಷ ಪಾಠ ಹೇಳಿದ ನನಗೆ, ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ವಿದ್ಯಾರ್ಥಿಯನ್ನು ಕಳುಹಿಸಿದೆನೆಂಬ ಅಳುಕು ಅಂದಿನಿಂದ ಕಾಡುತ್ತಿದೆ. ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಫಿಂಚ್ ಸಾಕುವವನು ಎಲ್ಲಕ್ಕಿಂತ ಮೊದಲು ಮರಿಗಳನ್ನು ನಿಲ್ಲಿಸುವ ವಿದ್ಯೆಯನ್ನು ಕಲಿಯಬೇಕು. ಮರಿ ಮಾಡಿಸಲು ಯಾವ ವಿದ್ಯೆಯೂ ಬೇಕಾಗಿಲ್ಲ. ಹಿಡಿ ನವಣೆ, ಬಟ್ಟಲು ನೀರು, ಒಂದು ಮಣ್ಣಿನ ಕುಡಿಕೆ ಇದ್ದರೆ ಉಳಿದುದನ್ನು ಹಕ್ಕಿಗಳೇ ಮಾಡಿಕೊಳ್ಳುತ್ತವೆ. ಅಪಾಯವಿರುವುದು ಅಲ್ಲಿಯೇ.

ಪೇಟೆಯಲ್ಲಿ ಸುಮ್ಮನೆ 'ಫಿಂಚ್' ಎಂದು ಮಾರಾಟವಾಗುವ ಹಕ್ಕಿ ಬಹುಮಟ್ಟಿಗೆ ಜೀಬ್ರಾ ಫಿಂಚ್. ನಮ್ಮ ಗುಬ್ಬಚ್ಚಿಗಿಂತಲೂ ಚಿಕ್ಕದು. ಗಂಡಿಗೆ ಕೆನ್ನೆಯ ಮೇಲೆ ಕಿತ್ತಳೆ ಬಣ್ಣದ ಮಚ್ಚೆ, ಕೊರಳಿನಲ್ಲಿ ಕಪ್ಪು-ಬಿಳಿ ಗೆರೆಗಳು. ಹೆಣ್ಣು ಬೂದು ಬಣ್ಣದ ಸೌಮ್ಯ ಜೀವಿ. ಇದರ ತವರು ಆಸ್ಟ್ರೇಲಿಯಾ. ಆ ಖಂಡದ ಒಳನಾಡು ನಮ್ಮ ಬೀದರಕ್ಕಿಂತ ಎಷ್ಟೋ ಪಾಲು ಶುಷ್ಕ. ಅಲ್ಲಿ ಮಳೆ ಯಾವಾಗ ಬಂದೀತೆಂದು ಹೇಳುವಂತಿಲ್ಲ. ಮಳೆ ಬಿದ್ದು ಹುಲ್ಲು ಬೆಳೆದು ಕಾಳು ಕಟ್ಟಿದಾಗ ಈ ಹಕ್ಕಿ ಅವಸರದಿಂದ ಗೂಡು ಕಟ್ಟುತ್ತದೆ, ಒಂದು ಸೂಲು ಮುಗಿಯುವುದರೊಳಗೆ ಇನ್ನೊಂದಕ್ಕೆ ಸಿದ್ಧವಾಗುತ್ತದೆ. ನೆಲ ಒಣಗಿದೊಡನೆ ಸುಮ್ಮನಾಗುತ್ತದೆ. ಅದಕ್ಕೆ ಪಂಚಾಂಗವಿಲ್ಲ, ಕಾಳು ಮತ್ತು ನೀರು ಇವೆರಡೇ ಅದರ ಋತುಗಳು.

ಈಗ ನಮ್ಮ ಹಕ್ಕಿಮನೆಯನ್ನು ನೋಡಿ. ಕಾಳು ಎಂದೂ ತೀರುವುದಿಲ್ಲ, ನೀರು ಎಂದೂ ಬತ್ತುವುದಿಲ್ಲ. ಹಕ್ಕಿಯ ದೃಷ್ಟಿಯಲ್ಲಿ ಇಲ್ಲಿ ವರ್ಷದ ಹನ್ನೆರಡು ತಿಂಗಳೂ ಮಳೆಗಾಲ. ಸಾಕುವವನು 'ಆಹಾ, ಎಷ್ಟು ಸುಲಭವಾಗಿ ಮರಿ ಮಾಡುತ್ತಿವೆ' ಎಂದು ಹಿಗ್ಗುತ್ತಾನೆ. ನಿಂತೇ ಹೋಗದ ಮಳೆಯಲ್ಲಿ ಸಿಕ್ಕಿಕೊಂಡ ಆ ಜೀವಕ್ಕೆ ವಿಶ್ರಾಂತಿಯ ಸೂಚನೆಯನ್ನು ಕೊಡುವವರೇ ಇಲ್ಲವೆಂಬುದು ಅವನಿಗೆ ಹೊಳೆಯುವುದಿಲ್ಲ.

ನನಗೂ ಹೊಳೆದಿರಲಿಲ್ಲ. 2011ರಲ್ಲಿ ನಿವೃತ್ತನಾದೆ. ಮರುವರ್ಷದ ಜೂನ್ ತಿಂಗಳಲ್ಲಿ ಹೈದರಾಬಾದಿಗೆ ಹೋದಾಗ ಚಾರ್ಮಿನಾರಿನ ಸಮೀಪದ ಮುರ್ಗಿ ಚೌಕದಿಂದ ಎರಡು ಜೋಡಿ ತಂದೆ. ತಗಡಿನ ಶೆಡ್ಡಿನ ಮುಂಭಾಗಕ್ಕೆ ತಂತಿಯ ಜಾಳಿಗೆ ಹೊಡೆಸಿ, ಮೂಲೆಯಲ್ಲಿ ಐದಾರು ಕುಡಿಕೆಗಳನ್ನು ತೂಗುಹಾಕಿದೆ. ಹೆಣ್ಣು ನಾಲ್ಕರಿಂದ ಆರು ಮೊಟ್ಟೆ ಇಡುತ್ತದೆ. ಗಂಡು ಹೆಣ್ಣು ಎರಡೂ ಸರದಿಯಂತೆ ಕಾವು ಕೊಡುತ್ತವೆ. ಹನ್ನೆರಡು ಹದಿನಾಲ್ಕು ದಿನಗಳಲ್ಲಿ ಮರಿ, ಮೂರು ವಾರಗಳಲ್ಲಿ ಅದು ಗೂಡಿನಿಂದ ಹೊರಗೆ. ಮೂರು ತಿಂಗಳು ತುಂಬಿತೋ ಇಲ್ಲವೋ, ಆ ಮರಿಯೇ ಜೊತೆಗಾರನನ್ನು ಹುಡುಕತೊಡಗುತ್ತದೆ. ಮುಂದಿನ ಫೆಬ್ರವರಿಯ ಹೊತ್ತಿಗೆ ನಾಲ್ಕು ಹಕ್ಕಿಗಳು ಮೂವತ್ತೊಂದಾಗಿದ್ದವು. ಬಂದವರಿಗೆಲ್ಲ ಈ ಲೆಕ್ಕವನ್ನು ಹೆಮ್ಮೆಯಿಂದ ಹೇಳುತ್ತಿದ್ದೆ. ಗಣಿತದ ಮೇಷ್ಟರಿಗೆ ಗುಣಾಕಾರದ ಮೇಲೆ ಸ್ವಲ್ಪ ಮೋಹ ಹೆಚ್ಚು.

ಒಂದು ಬೆಳಿಗ್ಗೆ, ನಾನು ಮೊದಲು ತಂದಿದ್ದ ಹೆಣ್ಣುಗಳಲ್ಲೊಂದು ನೆಲದ ಮೇಲೆ ಪುಕ್ಕ ಉಬ್ಬಿಸಿಕೊಂಡು ಕುಳಿತಿತ್ತು. ಚಳಿಯಿರಬಹುದೆಂದು ಗೋಣಿತಟ್ಟು ಹೊದಿಸಿದೆ. ಅದರ ಬಾಲ ಉಸಿರಿಗೊಮ್ಮೆ ಮೇಲೆ ಕೆಳಗೆ ಅಲ್ಲಾಡುತ್ತಿತ್ತು. ಸಂಜೆಗೆ ಸತ್ತುಹೋಯಿತು. ಅಂಗೈಯಲ್ಲಿ ಎತ್ತಿಕೊಂಡಾಗ ಹೊಟ್ಟೆಯ ಕೆಳಭಾಗದಲ್ಲಿ ಗಟ್ಟಿಯಾದ ಮೊಟ್ಟೆ ಕೈಗೆ ತಾಗಿತು. ಹೊರಬರಲಾರದೆ ಒಳಗೇ ಉಳಿದಿತ್ತು. ಎಂಟು ತಿಂಗಳಲ್ಲಿ ಐದು ಸೂಲು ಮುಗಿಸಿದ್ದ ಹಕ್ಕಿ ಅದು. ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣದ ಅಂಶವನ್ನು ಹೆಣ್ಣು ಆಹಾರದಿಂದ ಪಡೆಯಬೇಕು. ಸಾಲದಿದ್ದರೆ ತನ್ನ ಎಲುಬಿನಿಂದಲೇ ತೆಗೆದುಕೊಡುತ್ತದೆ. ಅದೂ ಕರಗಿದಾಗ ಚಿಪ್ಪು ಮೆದುವಾಗುತ್ತದೆ, ಮೊಟ್ಟೆಯನ್ನು ಹೊರದೂಡುವ ಸ್ನಾಯುಗಳಿಗೂ ಬಲ ಉಳಿಯುವುದಿಲ್ಲ. ಇದನ್ನೆಲ್ಲ ನಾನು ಓದಿ ತಿಳಿದದ್ದು ಆಮೇಲೆ. ಅಂದು ನನ್ನ ಮನೆಯವರು ಹೇಳಿದ್ದು ಒಂದೇ ಮಾತು: "ಆಕಿಗೆ ನಾಲ್ಕು ದಿನ ಬಿಡುವು ಕೊಟ್ಟಿದ್ರ ಏನಾಗ್ತಿತ್ತು?" ನಾಲ್ಕು ಮಕ್ಕಳನ್ನು ಹೆತ್ತು ಸಾಕಿದವರ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಅಂದಿನಿಂದ ನಮ್ಮಲ್ಲಿ ಕಟ್ಟುನಿಟ್ಟು. ಮೃಗಶಿರಾ ಮಳೆಯ ಹೊತ್ತಿಗೆ ಕುಡಿಕೆಗಳನ್ನು ತೂಗುಹಾಕುತ್ತೇನೆ, ದೀಪಾವಳಿಗೆ ಇಳಿಸಿಬಿಡುತ್ತೇನೆ. ಒಂದು ಜೋಡಿಗೆ ಎರಡು ಸೂಲು, ಹೆಚ್ಚೆಂದರೆ ಮೂರು. ಹುಲ್ಲು, ನಾರು, ಹತ್ತಿ ಯಾವುದನ್ನೂ ಆಮೇಲೆ ಒಳಗೆ ಬಿಡುವುದಿಲ್ಲ. ಆದರೂ ಹಟಮಾರಿ ಜೋಡಿಗಳಿರುತ್ತವೆ. ಕಾಳಿನ ಬಟ್ಟಲಿನಲ್ಲಿಯೇ ಮೊಟ್ಟೆ ಇಟ್ಟದ್ದುಂಟು. ಅಂಥವುಗಳಿಗಾಗಿ ನಡುವೆ ಜಾಳಿಗೆಯ ಗೋಡೆ ಹಾಕಿ ಗಂಡು ಹೆಣ್ಣುಗಳನ್ನು ಬೇರ್ಪಡಿಸುತ್ತೇನೆ. ಆರು ತಿಂಗಳು ತುಂಬದ ಹೆಣ್ಣಿಗೆ ಗೂಡು ಕೊಡುವುದಿಲ್ಲ. ಬೇಯಿಸಿದ ಮೊಟ್ಟೆಯ ಚಿಪ್ಪನ್ನು ಪುಡಿಮಾಡಿ ವರ್ಷವಿಡೀ ಇಡುತ್ತೇನೆ. ಪೇಟೆಯಲ್ಲಿ ಹಕ್ಕಿಗಳಿಗೆಂದು ದುಬಾರಿಯಾಗಿ ಮಾರುವ ಕಟಲ್‌ಫಿಶ್ ಮೂಳೆ, ಗಿಡಮೂಲಿಕೆ ಅಂಗಡಿಯಲ್ಲಿ ಸಮುದ್ರಫೇನವೆಂಬ ಹೆಸರಿನಲ್ಲಿ ದೊರೆಯುತ್ತದೆ, ವಸ್ತು ಒಂದೇ. ನವಣೆಯ ಕಥೆಯೇ ಬೇರೆ. ನಾನು ಚಿಕ್ಕವನಿದ್ದಾಗ ಬಡವರ ಅನ್ನವಾಗಿದ್ದ ನವಣೆ ಸೋಯಾ ಬಂದ ಮೇಲೆ ನಮ್ಮ ಸುತ್ತಲಿನ ಹೊಲಗಳಿಂದ ಕಾಣೆಯಾಯಿತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲಂತೂ ಅದು ಪೊಟ್ಟಣದಲ್ಲಿ ಕುಳಿತು ಸಿರಿವಂತರ ಧಾನ್ಯವಾಗಿದೆ. ನನ್ನ ಪಿಂಚಣಿಯ ಒಂದು ಪಾಲು ಹಕ್ಕಿಗಳದ್ದು.

ಇನ್ನು ಮಾರಾಟದ ಮಾತು. ಮರಿ ಮಾರುವುದೇ ಪಾಪವೆಂದು ನಾನು ಹೇಳಲಾರೆ. ನಾನೂ ಹಣ ಕೊಟ್ಟೇ ತಂದವನು. ಆದರೆ ಸಂಪಾದನೆಗಾಗಿ ಸಾಕುವವನಿಗೆ ಬಿಡುವಿನ ತಿಂಗಳುಗಳು ನಷ್ಟದ ತಿಂಗಳುಗಳಾಗಿ ಕಾಣುತ್ತವೆ. ಕಾಳು ತಿನ್ನುತ್ತ ಕುಳಿತ ಮರಿಯೂ ನಷ್ಟವೇ. ಆದ್ದರಿಂದ ಐದು ವಾರಕ್ಕೆ, ಅದು ತಾನೇ ಕಾಳು ಒಡೆಯಲು ಕಲಿತೊಡನೆ, ಅಂಗಡಿಗೆ ಸಾಗಿಸುತ್ತಾನೆ. ಇಲ್ಲಿ ಬಹಳ ಜನಕ್ಕೆ ತಿಳಿಯದ ಒಂದು ಸಂಗತಿಯಿದೆ. ಜೀಬ್ರಾ ಫಿಂಚಿನಲ್ಲಿ ಹಾಡುವುದು ಗಂಡು ಮಾತ್ರ, ಮತ್ತು ಆ ಹಾಡು ಹುಟ್ಟಿನಿಂದ ಬಂದದ್ದಲ್ಲ. ಮರಿ ಗೂಡು ಬಿಟ್ಟ ಮೇಲೆ, ಸುಮಾರು ಮೂರು ತಿಂಗಳು ತುಂಬುವವರೆಗೆ, ತಂದೆಯ ಹಾಡನ್ನು ಕೇಳಿ, ತಾನೂ ತೊದಲಿ, ತಿದ್ದಿಕೊಂಡು ಕಲಿಯುತ್ತದೆ. ಆಮೇಲೆ ಅದೇ ಹಾಡು ಆಯುಷ್ಯದ ಕೊನೆಯವರೆಗೆ. ಮನುಷ್ಯನ ಮಗು ಮಾತು ಕಲಿಯುವ ಬಗೆಯನ್ನು ಅರಿಯಲು ವಿಜ್ಞಾನಿಗಳು ಈ ಪುಟ್ಟ ಹಕ್ಕಿಯನ್ನು ದಶಕಗಳಿಂದ ಅಭ್ಯಾಸ ಮಾಡುತ್ತಿದ್ದಾರೆ. ಕೋಳಿಯ ನಂತರ ಪೂರ್ಣ ವಂಶವಾಹಿ ನಕ್ಷೆ ಸಿದ್ಧವಾದ ಎರಡನೆಯ ಪಕ್ಷಿ ಇದು, 2010ರಲ್ಲಿ. ಕಲಿಕೆಯ ನಡುವೆ ತಂದೆಯಿಂದ ಅಗಲಿಸಿದ ಮರಿಯ ಹಾಡು ಹರಕುಮುರುಕಾಗಿ ಉಳಿಯಬಹುದು. ಶಾಲೆ ಬಿಡಿಸಿ ಕೂಲಿಗೆ ಕಳುಹಿಸಿದ ಹುಡುಗರನ್ನು ಬಹಳ ಕಂಡಿದ್ದೇನೆ. ಈ ವಿಷಯ ಓದಿದಂದು ಅವರ ನೆನಪಾಯಿತು. ಮೂರು ತಿಂಗಳು ತುಂಬದ ಮರಿಯನ್ನು ನಾನು ಯಾರಿಗೂ ಕೊಡುವುದಿಲ್ಲ.

"ಅಷ್ಟೊಂದು ಕರುಣೆಯಿದ್ದರೆ ಬಾಗಿಲು ತೆಗೆದುಬಿಡಿ" ಎನ್ನುವವರೂ ಇದ್ದಾರೆ. ಓಣಿಯ ಹಿರಿಯರೊಬ್ಬರು ಪ್ರತಿ ಸಂಕ್ರಾಂತಿಗೂ, "ಮಾಸ್ತರ್, ಇವಕ್ಕ ಬಿಟ್ಟುಬಿಡ್ರಿ, ಪುಣ್ಯ ಬರ್ತದ" ಎನ್ನುತ್ತಾರೆ. ಅವರ ಮನಸ್ಸು ಒಳ್ಳೆಯದು. ಆದರೆ ತಲೆತಲಾಂತರದಿಂದ ಪಂಜರದಲ್ಲಿಯೇ ಹುಟ್ಟಿಬಂದ ಈ ಹಕ್ಕಿಗಳು ಗಿಡುಗನ ನೆರಳನ್ನು ಅರಿಯವು, ಬಟ್ಟಲಿನ ಹೊರಗೆ ಕಾಳು ಹುಡುಕಿದವಲ್ಲ. ಒಮ್ಮೆ ಜಾಳಿಗೆಯ ತುಂಡು ಕಿತ್ತು ಮೂರು ಹಕ್ಕಿಗಳು ಹೊರಗೆ ಹೋದವು. ಒಂದನ್ನು ನನ್ನ ಕಣ್ಣೆದುರಿಗೇ ಕಾಗೆ ಎತ್ತಿಕೊಂಡಿತು. ಇನ್ನೊಂದು ಎರಡು ದಿನ ಹಕ್ಕಿಮನೆಯ ಹೊರಗೆ, ಒಳಗಿನವುಗಳನ್ನು ಕೂಗುತ್ತ ಜಾಳಿಗೆಗೆ ಅಂಟಿಕೊಂಡಿತ್ತು. ಅದನ್ನು ಹಿಡಿದು ಒಳಗೆ ಬಿಟ್ಟೆ. ಮೂರನೆಯದು ಸಿಗಲಿಲ್ಲ.

ಇದಕ್ಕೆ ಪೂರ್ಣ ವಿರುದ್ಧವಾದ ಪ್ರಸಂಗವೊಂದಿದೆ. ಕೆಲವು ವರ್ಷಗಳ ಹಿಂದೆ ಹುಡುಗನೊಬ್ಬ ಕಬ್ಬಿನ ಗದ್ದೆಯ ಬದುವಿನಲ್ಲಿ ಬಲೆ ಹಾಕಿ ಹಿಡಿದ ಆರು ಕೆಂಪು ರಾಟವಾಳಗಳನ್ನು ಚೀಲದಲ್ಲಿ ತಂದು, "ಸರ, ನಿಮ್ಮ ಫಿಂಚಿನ ಜೋಡಿ ಇವೂ ಇರಲಿ" ಎಂದ. ನಮ್ಮ ಕಡೆಯ ದಖನಿ ಮಾತಿನಲ್ಲಿ ಇದು 'ಲಾಲ್'. ಮಳೆಗಾಲದಲ್ಲಿ ಗಂಡು ಕೆಂಪಗೆ, ಮೈಮೇಲೆ ಬಿಳಿ ಚುಕ್ಕೆ ಹೊತ್ತು ಎತ್ತರದ ಹುಲ್ಲಿನಲ್ಲಿ ಕುಳಿತರೆ ಕೆಂಡ ಇಟ್ಟಂತೆ. ಸೂಲಿನ ಕಾಲ ಮುಗಿದೊಡನೆ ಬಣ್ಣ ಕಳಚಿ ಕಂದಾಗುತ್ತದೆ. ನನ್ನ ಬಾಲ್ಯದಲ್ಲಿ ಅನೇಕ ಮನೆಗಳ ಕಟ್ಟೆಯ ಮೇಲೆ ಬಿದಿರಿನ ಪಂಜರದಲ್ಲಿ ಲಾಲ್ ಇರುತ್ತಿತ್ತು. ಅದರ ಶಾಸ್ತ್ರೀಯ ಹೆಸರಾದ 'ಅಮಂದಾವ' ಎಂಬುದು ಅಹಮದಾಬಾದಿನಿಂದ ಬಂದದ್ದು. ಹಿಂದೆ ಆ ಊರಿನಿಂದ ಈ ಹಕ್ಕಿಗಳು ಪರದೇಶಗಳಿಗೆ ಸಾಗುತ್ತಿದ್ದವು. ಇದೂ ಫಿಂಚಿನ ಬಂಧುವೇ. ಆದರೆ ಹೊಲದಲ್ಲಿ ಹುಟ್ಟಿದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ನೆಲದ ಇಂಥ ಹಕ್ಕಿಗಳನ್ನು ಹಿಡಿಯುವುದು ಅಪರಾಧ. ಅವುಗಳ ವ್ಯಾಪಾರಕ್ಕೆ 1990ರ ದಶಕದ ಆರಂಭದಲ್ಲಿಯೇ ಪೂರ್ಣ ನಿಷೇಧ ಬಂದಿದೆ. ಆದರೂ ಸಾಮಾನ್ಯ ರಾಟವಾಳಗಳಿಗೆ ಹಸಿರು, ಕಿತ್ತಳೆ ಬಣ್ಣ ಬಳಿದು ವಿದೇಶಿ ಹಕ್ಕಿಯೆಂದು ಮಾರುವ ಮೋಸ ಪೇಟೆಗಳಲ್ಲಿ ನಡೆದುಬಂದಿದೆ. ಆ ಹುಡುಗನನ್ನು ಬೈಯಲಿಲ್ಲ. ಇಬ್ಬರೂ ಕೂಡಿ ಅದೇ ಬದುವಿಗೆ ನಡೆದುಹೋಗಿ ಚೀಲದ ಬಾಯಿ ಬಿಚ್ಚಿದೆವು. ಐದು ಹಾರಿದವು. ಒಂದು ಚೀಲದಲ್ಲಿಯೇ ಉಸಿರುಕಟ್ಟಿ ಸತ್ತಿತ್ತು.

ಹಿರಿಯರಿಗೆ ನಾನು ಹೇಳುವುದಿಷ್ಟೆ: ಪುಣ್ಯ ಬೇಕಾದವರು ಲಾಲ್ ಹಕ್ಕಿಯನ್ನು ಬಿಡಲಿ, ಅದಕ್ಕಿಂತ ಮೇಲಾಗಿ ಹಿಡಿಯದಿರಲಿ, ಫಿಂಚನ್ನು ಸಾಕಲಿ, ಆದರೆ ಎಷ್ಟನ್ನು ಸಾಯುವವರೆಗೆ ನೋಡಿಕೊಳ್ಳಬಲ್ಲರೋ ಅಷ್ಟನ್ನೇ ಹುಟ್ಟಿಸಲಿ. ಚೆನ್ನಾಗಿ ನೋಡಿಕೊಂಡರೆ ಅದು ಐದರಿಂದ ಏಳು ವರ್ಷ ಬದುಕುತ್ತದೆ. ವಿದೇಶಿ ಹಕ್ಕಿಗಳೆಲ್ಲ ಕಾನೂನಿನ ಹೊರಗೆಂದೂ ತಿಳಿಯಬಾರದು. ಜಾವಾ ಗುಬ್ಬಿಯನ್ನು ಸಾಕುವವರು, ಅದು ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವುದರಿಂದ, 2024ರ ನಿಯಮಗಳಂತೆ ಸರ್ಕಾರದಲ್ಲಿ ನೋಂದಾಯಿಸಬೇಕು. ಮರಿಯಾದರೂ ಸತ್ತರೂ ವರದಿ ಕೊಡಬೇಕು. ಜೀಬ್ರಾ ಫಿಂಚಿಗೆ ಆ ಕಟ್ಟಳೆಯಿಲ್ಲ. ಕಟ್ಟಳೆಯಿಲ್ಲದುದರಿಂದಲೇ ಅದರ ಲೆಕ್ಕವನ್ನು ಯಾರೂ ಕೇಳುವುದಿಲ್ಲ.

ಆ ವಿದ್ಯಾರ್ಥಿ ಒಂದು ತಿಂಗಳ ನಂತರ ಮತ್ತೆ ಬಂದ. ಈ ಬಾರಿ ಇದನ್ನೆಲ್ಲ ಕೂರಿಸಿ ಹೇಳಿದೆ. ಹೊರಡುವಾಗ ಎರಡು ಹಕ್ಕಿಗಳನ್ನು ಕೊಟ್ಟೆ, ಎರಡೂ ಗಂಡು. ಅವನು ನನ್ನ ಮುಖ ನೋಡಿದ. "ಒಂದು ವರ್ಷ ಇವನ್ನು ಸಾಕು. ಬೇಸಿಗೆ ದಾಟಿಸು. ಹೆಣ್ಣಿನ ಮಾತು ಆಮೇಲೆ" ಎಂದೆ. ನಗದೆ ತೆಗೆದುಕೊಂಡು ಹೋದ.

ಮೊನ್ನೆ ರಾತ್ರಿ ಅವನ ಫೋನು ಬಂತು. ಹೆಣ್ಣು ಕೇಳಲು ಇರಬೇಕೆಂದುಕೊಂಡೆ. "ಸರ, ಇವೆರಡೂ ಒಂದೇ ಹಾಡು ಹಾಡಂಗಿಲ್ಲ. ಒಂದರದ್ದು ಉದ್ದ ಅದ, ಇನ್ನೊಂದರದ್ದು ಗಿಡ್ಡ. ಯಾಕ್ರಿ?" ಎಂದ.

"ಬೇರೆ ಬೇರೆ ತಂದೆಯ ಮಕ್ಕಳಪ್ಪ" ಎಂದೆ.